ಹೊಸ ಕೈ, ಹಳೆಯ ಕಿವಿ: ಪ್ರೋಗ್ರೆಸಿವ್ ಮೆಟಲ್ ಆಲ್ಬಮ್‌ನಲ್ಲಿ ಡ್ರಮ್ಮರನ್ನು ಅಳೆಯುವ ಬಗೆ

(ಮೈಸೂರಿನ ಕುವೆಂಪುನಗರದಲ್ಲಿ ಸಂಗೀತಾಸಕ್ತರ ಸಣ್ಣ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ಕಳೆದಿದ್ದೇನೆ. ಸಭೆಯಲ್ಲಿ ಧ್ವನಿಮುದ್ರಿಕೆ ಕೇಳಿಸಿದ ಜಾಗಗಳಲ್ಲಿ ವಿವರಣೆಯನ್ನು ಸೇರಿಸಿದ್ದೇನೆ.)

ಮಾನ್ಯರೆ,

ಪ್ರೋಗ್ರೆಸಿವ್ ಮೆಟಲ್ ಎಂಬುದು ಅಬ್ಬರದ ಗಿಟಾರ್ ಜೊತೆಗೆ ಜಟಿಲ ರಚನೆಗಳನ್ನು ನುಡಿಸುವ ರಾಕ್ ಸಂಗೀತದ ಒಂದು ಬಗೆ. ಅಂಥ ತಂಡವೊಂದರಲ್ಲಿ ಗಾಯಕರು ಬದಲಾದರೆ ಅಭಿಮಾನಿಗಳು ಎರಡು ಪಂಗಡವಾಗುತ್ತಾರೆ. ಡ್ರಮ್ಮರ್ ಬದಲಾದರೆ ಎಲ್ಲರೂ ಪರೀಕ್ಷಕರಾಗಿಬಿಡುತ್ತಾರೆ. ಇದಕ್ಕೆ ಕಾರಣ ಆ ಸಂಗೀತದ ಸ್ವಭಾವದಲ್ಲೇ ಇದೆ. ಸಾಮಾನ್ಯ ರಾಕ್ ಹಾಡಿನಲ್ಲಿ ಡ್ರಮ್ಸ್ ಹಾಡನ್ನು ಹೊತ್ತು ನಡೆಯುತ್ತದೆ. ಪ್ರೋಗ್ರೆಸಿವ್ ಮೆಟಲ್‌ನಲ್ಲಿ ಅನೇಕ ವೇಳೆ ಲಯವೇ ಹಾಡಿನ ವಸ್ತು. ಡ್ರೀಮ್ ಥಿಯೇಟರ್ ತಂಡ 1999ರಲ್ಲಿ ಹೊರತಂದ ಆಲ್ಬಮ್‌ನಲ್ಲಿರುವ ‘ದ ಡಾನ್ಸ್ ಆಫ್ ಇಟರ್ನಿಟಿ’ ಎಂಬ ವಾದ್ಯರಚನೆ ಆರು ನಿಮಿಷಗಳ ಆಸುಪಾಸಿನದು. ಅಷ್ಟರೊಳಗೆ ಅದರ ತಾಳ ನೂರಕ್ಕೂ ಹೆಚ್ಚು ಸಲ ಬದಲಾಗುತ್ತದೆ. ಅದನ್ನು ಮೆಚ್ಚಿದ ಕೇಳುಗ ಡ್ರಮ್ಸ್ ಭಾಗವನ್ನು ಬಾಯಿಪಾಠ ಮಾಡಿಕೊಂಡಿರುತ್ತಾನೆ. ಎಲ್ಲಿ ಯಾವ ಟಾಮ್ ಡ್ರಮ್ಮಿನ ಮೇಲೆ ಪೆಟ್ಟು ಬೀಳುತ್ತದೆ, ಯಾವ ಸಿಂಬಲ್ (ಲೋಹದ ತಟ್ಟೆ) ಯಾವಾಗ ಮೊಳಗುತ್ತದೆ ಎಂಬುದೆಲ್ಲ ಅವನ ಕಿವಿಯಲ್ಲಿ ಅಚ್ಚೊತ್ತಿರುತ್ತದೆ. ಆ ಕಿವಿಯ ಮುಂದೆ ಹೊಸಬರು ಬಂದು ಕುಳಿತಾಗ ಅವರ ವಾದನವನ್ನು ಕೇಳುವುದಕ್ಕಿಂತ ಮೊದಲೇ ಹಳಬರ ವಾದನದೊಂದಿಗೆ ಅದು ಎಲ್ಲಿ ಕೂಡುವುದಿಲ್ಲ ಎಂಬುದನ್ನು ಹುಡುಕುವುದು ಸಹಜ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸ ಡ್ರಮ್ಮರ್ ಬಗ್ಗೆ ಅಭಿಮಾನಿಗಳು ಕೊಡುವ ತೀರ್ಪಿನಲ್ಲಿ ಬಹುಪಾಲು ಆ ಡ್ರಮ್ಮರ್ ಮಾಡಿದ ಕೆಲಸದ ಬಗ್ಗೆ ಇರುವುದೇ ಇಲ್ಲ. ರಚನೆ ಯಾರದು, ಆಲ್ಬಮ್ಮಿನ ರೂಪವನ್ನು ನಿರ್ಧರಿಸುವ ನಿರ್ಮಾಪಕರ ಕುರ್ಚಿಯಲ್ಲಿ ಯಾರು ಕುಳಿತಿದ್ದರು, ಸ್ನೇರ್ ಎಂಬ ಹರಿತ ಸದ್ದಿನ ಡ್ರಮ್ಮಿನ ನಾದವನ್ನು ಮಿಕ್ಸಿಂಗ್‌ನಲ್ಲಿ, ಅಂದರೆ ಮುದ್ರಿಸಿದ ಸದ್ದುಗಳನ್ನು ಬೆರೆಸುವ ಹಂತದಲ್ಲಿ, ಹೇಗೆ ತಿದ್ದಿದರು ಎಂಬ ಬೇರೆಬೇರೆಯವರ ನಿರ್ಧಾರಗಳೆಲ್ಲ ಒಟ್ಟಾಗಿ ಕಿವಿಗೆ ಬೀಳುತ್ತವೆ. ಲೆಕ್ಕ ಮಾತ್ರ ಡ್ರಮ್ಮರ್ ಹೆಸರಿಗೆ ಬರೆಯಲಾಗುತ್ತದೆ. ಹಾಗೆಂದು ಡ್ರಮ್ಮರನ್ನು ಅಳೆಯಲೇಬಾರದು ಎನ್ನುವವನು ನಾನಲ್ಲ. ಅಳೆಯಬಹುದು, ಆದರೆ ಅವರ ಕೈಯಲ್ಲಿ ಇದ್ದುದನ್ನು ಮಾತ್ರ ಅಳೆಯಬೇಕು.

ಉದಾಹರಣೆಗೆ ಡ್ರೀಮ್ ಥಿಯೇಟರ್ ಕಥೆಯನ್ನೇ ತೆಗೆದುಕೊಳ್ಳೋಣ, ಏಕೆಂದರೆ ಈ ಬಗೆಯ ಪರೀಕ್ಷೆಗೆ ಅಷ್ಟು ದೀರ್ಘಕಾಲ ಒಳಗಾದ ಡ್ರಮ್ಮರ್ ಇನ್ನೊಬ್ಬರಿಲ್ಲ. ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ 1985ರಲ್ಲಿ ಜಾನ್ ಪೆಟ್ರುಚಿ, ಜಾನ್ ಮ್ಯುಂಗ್ ಮತ್ತು ಮೈಕ್ ಪೋರ್ಟ್‌ನಾಯ್ ಕಟ್ಟಿದ ತಂಡವದು. 2010ರ ಸೆಪ್ಟೆಂಬರಿನಲ್ಲಿ ಡ್ರಮ್ಮರ್ ಪೋರ್ಟ್‌ನಾಯ್ ತಂಡ ಬಿಟ್ಟರು. ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಏಳು ಮಂದಿ ಡ್ರಮ್ಮರ್‌ಗಳನ್ನು ಕರೆಸಿ ಪರೀಕ್ಷಿಸಲಾಯಿತು. ಮಾರ್ಕೋ ಮಿನಮನ್, ವರ್ಜಿಲ್ ಡೊನಾಟಿ, ಥಾಮಸ್ ಲ್ಯಾಂಗ್ ಅವರಂಥ ಘಟಾನುಘಟಿಗಳು ಅವರಲ್ಲಿದ್ದರು. ಆಯ್ಕೆಯಾದವರು ಬರ್ಕ್ಲೀಯಲ್ಲೇ ಪಾಠ ಹೇಳುತ್ತಿದ್ದ ಮೈಕ್ ಮಂಜಿನಿ. ಈ ಪರೀಕ್ಷೆಯನ್ನು ಚಿತ್ರೀಕರಿಸಿ 2011ರ ಏಪ್ರಿಲ್‌ನಲ್ಲಿ ಜಗತ್ತಿಗೆ ತೋರಿಸಿದರು. ಅಲ್ಲಿಂದಲೇ ಸಮಸ್ಯೆ ಶುರುವಾಯಿತು ಎಂದು ನನಗೆ ಅನ್ನಿಸುತ್ತದೆ. ಪರೀಕ್ಷೆಯನ್ನು ನೋಡಿದ ಅಭಿಮಾನಿಗಳಲ್ಲಿ ಪ್ರತಿಯೊಬ್ಬರೂ ತಮ್ಮದೇ ಅಂಕಪಟ್ಟಿ ಹಿಡಿದು ಆಲ್ಬಮ್ಮಿಗಾಗಿ ಕಾದು ಕುಳಿತರು.

ಪರೀಕ್ಷೆಯಲ್ಲಿ ನುಡಿಸಬೇಕಿದ್ದ ಹಾಡುಗಳ ಆಯ್ಕೆ ಮಾತ್ರ ಬಲು ಜಾಣತನದ್ದು. ‘ದ ಡಾನ್ಸ್ ಆಫ್ ಇಟರ್ನಿಟಿ’ಯ ಜೊತೆಗೆ, ಅದೇ ಆಲ್ಬಮ್ಮಿನ ನಿಧಾನಗತಿಯ ಸರಳ ಹಾಡು ‘ದ ಸ್ಪಿರಿಟ್ ಕ್ಯಾರೀಸ್ ಆನ್’ ಅನ್ನೂ ಇಟ್ಟಿದ್ದರು. ಲೆಕ್ಕದಲ್ಲಿ ಗೆದ್ದವರು ವಿಳಂಬದಲ್ಲಿ ತಡವರಿಸುವುದುಂಟು ಎಂಬುದು ಈ ಸಭೆಯಲ್ಲಿರುವ ಕಚೇರಿಯ ರಸಿಕರಿಗೆ ಹೇಳಿಕೊಡಬೇಕಾದ ಮಾತಲ್ಲ.

ಮಂಜಿನಿ ಒಂದು ನಿಮಿಷಕ್ಕೆ ಸಾವಿರಕ್ಕೂ ಮೀರಿದ ಪೆಟ್ಟುಗಳನ್ನು ಬಾರಿಸಿ ವೇಗದ ಸ್ಪರ್ಧೆಗಳಲ್ಲಿ ದಾಖಲೆ ಮಾಡಿದವರು. ಎಡಗೈ ಬಲಗೈ ಎರಡರಿಂದಲೂ ಸಮನಾಗಿ ಮುನ್ನಡೆಸಬಲ್ಲವರು; ಅವರ ಡ್ರಮ್ ಸೆಟ್ಟು ನಡುವೆ ಗೆರೆ ಎಳೆದಂತೆ ಎರಡೂ ಕಡೆ ಒಂದೇ ಬಗೆಯಾಗಿ ಹರಡಿಕೊಂಡಿರುತ್ತದೆ. ಸಂಗೀತಕ್ಕೆ ಪೂರ್ಣಾವಧಿಗೆ ಬರುವ ಮುನ್ನ ಅವರು ಕಂಪ್ಯೂಟರ್ ಪ್ರೋಗ್ರಾಮರ್ ಆಗಿದ್ದರು ಎಂಬ ಸಂಗತಿಯೂ ಸೇರಿಕೊಂಡಿತು. ಹೀಗೆ ಒಂದು ಸ್ವರವನ್ನೂ ಕೇಳುವ ಮೊದಲೇ ‘ಇವರು ಯಂತ್ರ’ ಎಂಬ ಚಿತ್ರ ಸಿದ್ಧವಾಗಿತ್ತು. 2011ರ ಸೆಪ್ಟೆಂಬರಿನಲ್ಲಿ ‘ಎ ಡ್ರಮ್ಯಾಟಿಕ್ ಟರ್ನ್ ಆಫ್ ಈವೆಂಟ್ಸ್’ ಆಲ್ಬಮ್ ಬಂದಾಗ ಮೈಸೂರಿನ ಹುಡುಗರ ಬಾಯಲ್ಲೂ ಅದೇ ಮಾತು: ನುಡಿಸಾಣಿಕೆ ಅಚ್ಚುಕಟ್ಟು, ಆದರೆ ಯಾಂತ್ರಿಕ; ಕೈ ಇದೆ, ಜೀವ ಇಲ್ಲ.

ಈಗ ವಾಸ್ತವವನ್ನು ನೋಡಿ. ಆ ಆಲ್ಬಮ್ಮಿನ ಹಾಡುಗಳನ್ನು ರಚಿಸುವಾಗ ಕೋಣೆಯಲ್ಲಿ ಡ್ರಮ್ಮರ್ ಇರಲಿಲ್ಲ. ಗಿಟಾರ್ ವಾದಕ ಪೆಟ್ರುಚಿಯವರು ಕಂಪ್ಯೂಟರಿನಲ್ಲಿ ಡ್ರಮ್ಸ್ ಭಾಗಗಳನ್ನು ಪ್ರೋಗ್ರಾಮ್ ಮಾಡಿಟ್ಟಿದ್ದರು. ಮಂಜಿನಿ ಬಂದು ಅವುಗಳನ್ನು ಅಭ್ಯಾಸ ಮಾಡಿ, ತಮ್ಮ ಕೈಗೆ ಹೊಂದಿಸಿಕೊಂಡು ನುಡಿಸಿದರು. ಯಂತ್ರದಲ್ಲಿ, ಅದೂ ಗಿಟಾರ್ ವಾದಕರೊಬ್ಬರ ಯೋಚನೆಯಲ್ಲಿ ಹುಟ್ಟಿದ ಲಯವನ್ನು ಕೇಳಿದ ಅಭಿಮಾನಿ ಅದರಲ್ಲಿ ಯಂತ್ರದ ವಾಸನೆ ಕಂಡಿದ್ದರೆ ಅವನ ಕಿವಿ ಸುಳ್ಳು ಹೇಳಿಲ್ಲ. ಆದರೆ ಆ ವಾಸನೆಯನ್ನು ಅವನು ತಪ್ಪು ವಿಳಾಸಕ್ಕೆ ತಲುಪಿಸಿದ್ದಾನೆ. ಇನ್ನೊಬ್ಬರು ಬರೆದ ಮಾತನ್ನು ಒಪ್ಪಿಸುವ ನಟನನ್ನು ಅಳೆಯುವಾಗ ಮಾತಿನ ದೋಷವನ್ನೂ ಅವನ ಲೆಕ್ಕಕ್ಕೆ ಸೇರಿಸುವುದಿಲ್ಲವಲ್ಲ. ಅಲ್ಲಿ ನಾವು ಕೇಳಬೇಕಾದ ಪ್ರಶ್ನೆ ಬೇರೆ: ಕೊಟ್ಟ ಭಾಗಕ್ಕೆ ಮಂಜಿನಿ ಏನು ಸೇರಿಸಿದರು? ಪದರ ಪದರವಾಗಿ ಕೇಳಿದರೆ ಸೇರಿಸಿದ್ದು ಕಡಿಮೆಯೇನೂ ಇಲ್ಲ. ಹೆಚ್ಚಿನದು ಕಾಣಿಸುವುದು ಸಿಂಬಲ್‌ಗಳ ಕೆಲಸದಲ್ಲಿ, ಎಡಗೈ ಒಂದು ನಡೆಯನ್ನೂ ಬಲಗೈ ಇನ್ನೊಂದನ್ನೂ ಹಿಡಿದು ಸಾಗುವ ಕಡೆಗಳಲ್ಲಿ.

ಅಭಿಮಾನಿಗಳು ಗುರುತಿಸಿದ ಕೊರತೆಯ ಇನ್ನೊಂದು ಪಾಲು ಡ್ರಮ್ಸ್‌ಗೆ ಸಂಬಂಧಿಸಿದ್ದೇ ಅಲ್ಲ ಎಂಬುದು ನನ್ನ ಅಭಿಪ್ರಾಯ. 1999ರಿಂದ 2009ರವರೆಗಿನ ಆಲ್ಬಮ್‌ಗಳನ್ನು ಪೆಟ್ರುಚಿ ಮತ್ತು ಪೋರ್ಟ್‌ನಾಯ್ ಇಬ್ಬರೂ ಜೊತೆಯಾಗಿ ನಿರ್ಮಿಸಿದ್ದರು. ಹಾಡಿನ ಯಾವ ಭಾಗ ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ಕತ್ತರಿಸಬೇಕು, ಕಛೇರಿಯಲ್ಲಿ ಯಾವ ದಿನ ಯಾವ ಹಾಡು ಎಂಬ ಆಯ್ಕೆಗಳಲ್ಲಿ ಪೋರ್ಟ್‌ನಾಯ್ ಕೈವಾಡ ದೊಡ್ಡದು. ಸಾಹಿತ್ಯ ಬರೆಯುತ್ತಿದ್ದರು, ಹಿನ್ನೆಲೆಯಲ್ಲಿ ಹಾಡುತ್ತಲೂ ಇದ್ದರು. 2011ರಿಂದ ನಿರ್ಮಾಪಕರ ಸ್ಥಾನದಲ್ಲಿ ಪೆಟ್ರುಚಿ ಒಬ್ಬರೇ ಉಳಿದರು. ಅಂದರೆ ತಂಡ ಕಳೆದುಕೊಂಡದ್ದು ಒಬ್ಬ ಡ್ರಮ್ಮರನ್ನು ಮಾತ್ರವಲ್ಲ, ಒಬ್ಬ ಸಂಪಾದಕನನ್ನೂ ಕೂಡ. ಆ ಸಂಪಾದಕನ ಗೈರುಹಾಜರಿ ಹಾಡುಗಳಲ್ಲಿ ಕೇಳಿಸುತ್ತದೆ. ಅದನ್ನು ಮಂಜಿನಿಯವರ ಸ್ನೇರ್ ಪೆಟ್ಟಿನಲ್ಲಿ ಹುಡುಕಿದವರು ಹದಿಮೂರು ವರ್ಷ ಹುಡುಕುತ್ತಲೇ ಇದ್ದರು.

ಇನ್ನು ನಾದದ ವಿಷಯ. ಇದರಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಜಗಳದ ಮುಕ್ಕಾಲು ಪಾಲು ಇರುವುದು ಇಲ್ಲೇ. ಮೆಟಲ್‌ನಲ್ಲಿ ಕೇಳುವ ಬಾಸ್ ಡ್ರಮ್ ‘ಧಂ’ ಎನ್ನುವುದಿಲ್ಲ, ‘ಟಕ್’ ಎನ್ನುತ್ತದೆ. ಬೆರಳಚ್ಚು ಯಂತ್ರದ ಸದ್ದು ಎಂದು ಹಲವರು ಹೀಗಳೆಯುತ್ತಾರೆ. ಹಾಗೇಕೆ ಎಂಬುದಕ್ಕೆ ಸರಳ ಲೆಕ್ಕವಿದೆ. ನಿಮಿಷಕ್ಕೆ 180 ಬಡಿತದ ಕಾಲಪ್ರಮಾಣದಲ್ಲಿ, ಬಡಿತಕ್ಕೆ ನಾಲ್ಕರಂತೆ, ಎರಡೂ ಕಾಲುಗಳಿಂದ ಬಾಸ್ ಡ್ರಮ್ ತುಳಿದರೆ ಸೆಕೆಂಡಿಗೆ 12 ಪೆಟ್ಟುಗಳಾಗುತ್ತವೆ. ಒಂದು ಪೆಟ್ಟಿಗೂ ಮುಂದಿನದಕ್ಕೂ ನಡುವೆ ಸಿಗುವುದು ಸುಮಾರು 83 ಮಿಲಿಸೆಕೆಂಡು. ಆ ಡ್ರಮ್ಮಿನ ಮುಖ್ಯ ನಾದ 60 ಹರ್ಟ್ಸ್‌ನದು ಎಂದಿಟ್ಟುಕೊಂಡರೆ ಅದರ ಒಂದು ಕಂಪನಕ್ಕೆ ಸುಮಾರು 17 ಮಿಲಿಸೆಕೆಂಡು ಬೇಕು. ಮುಂದಿನ ಪೆಟ್ಟು ಬೀಳುವುದರೊಳಗೆ ಆ ನಾದಕ್ಕೆ ಐದು ಸಲ ಕಂಪಿಸಲು ಮಾತ್ರ ಬಿಡುವು. ನಾದವನ್ನು ಅದರ ಪಾಡಿಗೆ ಮೊಳಗಲು ಬಿಟ್ಟರೆ ಹನ್ನೆರಡು ಪೆಟ್ಟುಗಳು ಕಲಸಿ ಒಂದು ಗುಡುಗಾಗುತ್ತವೆ. ಆದ್ದರಿಂದ ಎಂಜಿನಿಯರ್ ಕೆಳಗಿನ ನಾದದ ಬಾಲವನ್ನು ಕತ್ತರಿಸಿ, ತೊಗಲಿಗೆ ಸುತ್ತಿಗೆ ತಾಗುವ ಕ್ಷಣದ ಹರಿತವಾದ ಸದ್ದನ್ನು ಎತ್ತುತ್ತಾರೆ. ಹಲವು ವೇಳೆ ನಿಜವಾದ ಪೆಟ್ಟಿನ ಜಾಗದಲ್ಲಿ ಮೊದಲೇ ಮುದ್ರಿಸಿಟ್ಟುಕೊಂಡ ಒಂದೇ ಪೆಟ್ಟನ್ನು ಮತ್ತೆ ಮತ್ತೆ ಇಡುವುದೂ ಉಂಟು. ಹಾಗೆ ಇಟ್ಟಾಗ ಡ್ರಮ್ಮರ್ ಎಷ್ಟು ಮೆದುವಾಗಿ, ಎಷ್ಟು ಗಟ್ಟಿಯಾಗಿ ತುಳಿದರು ಎಂಬ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಕೇಳುಗ ‘ಏಕತಾನ’ ಎನ್ನುತ್ತಾನೆ. ಏಕತಾನ ಹೌದು, ಆದರೆ ಅದು ಕಾಲಿನದಲ್ಲ.

ಈ ವಿಷಯದಲ್ಲಿ ಒಂದು ಚೋದ್ಯವಿದೆ. ಪೋರ್ಟ್‌ನಾಯ್ ಅವರ ‘ಜೀವಂತ’ ವಾದನಕ್ಕೆ ಸಾಕ್ಷಿಯಾಗಿ ಅಭಿಮಾನಿಗಳು ಮೊದಲು ಎತ್ತಿಹಿಡಿಯುವುದು 1992ರ ‘ಇಮೇಜಸ್ ಅಂಡ್ ವರ್ಡ್ಸ್’ ಆಲ್ಬಮ್ಮನ್ನು. ಅದರಲ್ಲಿ ನಿರ್ಮಾಪಕ ಡೇವಿಡ್ ಪ್ರೇಟರ್ ಸ್ನೇರ್ ಮತ್ತು ಬಾಸ್ ಡ್ರಮ್ ನಾದಕ್ಕೆ ಯಂತ್ರದಿಂದ ಎಬ್ಬಿಸಿದ ಸ್ಯಾಂಪಲ್‌ಗಳನ್ನು, ಅಂದರೆ ಮೊದಲೇ ಮುದ್ರಿಸಿಟ್ಟ ಪೆಟ್ಟುಗಳನ್ನು, ಬಳಸಿದ್ದರು. ಆ ನಾದ ಪೋರ್ಟ್‌ನಾಯ್‌ಗೇ ಇಷ್ಟವಿರಲಿಲ್ಲ. ಮೂವತ್ತು ವರ್ಷ ಪ್ರೀತಿಯಿಂದ ಕೇಳಿದ ಮೇಲೆ ಯಂತ್ರದ ಸ್ನೇರ್ ಕೂಡ ಮನುಷ್ಯನದೇ ಆಗಿಬಿಡುತ್ತದೆ. 2013ರಲ್ಲಿ ತಂಡದ ಹೆಸರಿನಲ್ಲೇ ಬಂದ ಆಲ್ಬಮ್ಮಿನ ಸ್ನೇರ್ ನಾದವನ್ನು ಕೇಳಿ ಮೂಗು ಮುರಿದವರು ಮಾತ್ರ ಆ ರಿಯಾಯಿತಿಯನ್ನು ಮಂಜಿನಿಗೆ ಕೊಡಲಿಲ್ಲ. ಆ ನಾದ ನನಗೂ ಹಿಡಿಸುವುದಿಲ್ಲ, ಗುಟ್ಟೇನಲ್ಲ. ಆದರೆ ಅದು ಮಿಕ್ಸಿಂಗ್ ಮೇಜಿನ ಬಗೆಗಿನ ದೂರು.

ಮೃದಂಗ ಕಲಿಯುತ್ತಿರುವ ಯುವಕರೊಬ್ಬರು ಸಭೆಯಲ್ಲಿ ಇಲ್ಲೇ ತಡೆದು ಕೇಳಿದರು: ಹಾಗಾದರೆ ನಮ್ಮ ಕಚೇರಿಯಲ್ಲಿ ಪಕ್ಕವಾದ್ಯದವರನ್ನು ಅಳೆಯುವಂತೆ ಇವರನ್ನು ಅಳೆಯಲು ಸಾಧ್ಯವೇ ಇಲ್ಲವೆ? ಪ್ರಶ್ನೆ ಚೆನ್ನಾಗಿದೆ. ನಮ್ಮ ಊರಿನ ರಸಿಕರು ಈ ವಿದ್ಯೆಯಲ್ಲಿ ಪಳಗಿದವರು. ಬಿಡಾರಂ ಕೃಷ್ಣಪ್ಪನವರ ರಾಮಮಂದಿರದಲ್ಲಾಗಲಿ, ಒಂಟಿಕೊಪ್ಪಲಿನ ಎಂಟನೇ ಅಡ್ಡರಸ್ತೆಯ ಗಣಪತಿ ಪೆಂಡಾಲಿನಲ್ಲಾಗಲಿ ಕಚೇರಿ ಮುಗಿದ ಮೇಲೆ ಹೊರಬರುವ ಜನರ ಮಾತನ್ನು ಕೇಳಿಸಿಕೊಳ್ಳಿ: ‘ಹಾಡಿಗೆ ನುಡಿಸಿದರು’, ‘ಗಾಯಕರನ್ನು ಮುಚ್ಚಿಬಿಟ್ಟರು’, ‘ತನಿಯಲ್ಲಿ (ಮೃದಂಗಕ್ಕೇ ಬಿಟ್ಟುಕೊಡುವ ಭಾಗದಲ್ಲಿ) ಬರೀ ಲೆಕ್ಕ, ಸರ್ವಲಘು ಎಲ್ಲಿ ಬಂತು?’ ಈ ಕೊನೆಯ ಮಾತನ್ನು ಗಮನಿಸಬೇಕು. ಸುಲಲಿತವಾಗಿ ಹರಿಯುವ ಸರ್ವಲಘುವಿಗೂ, ಕೋರ್ವೆ, ಮೊಹರಾ ಎಂಬ ಮುಕ್ತಾಯದ ಲಯವಿನ್ಯಾಸಗಳ ಗಣಿತಕ್ಕೂ ನಡುವೆ ಮೃದಂಗದಲ್ಲಿ ಎಷ್ಟು ಹಳೆಯ ಜಗಳವಿದೆಯೋ, ಮಂಜಿನಿ ಪೋರ್ಟ್‌ನಾಯ್ ಜಗಳದ ಒಳಗಿರುವುದೂ ಅದೇ. ಜೀವ, ಯಂತ್ರ ಎಂಬ ಮಾತುಗಳನ್ನು ಬಿಟ್ಟು ಸರ್ವಲಘು, ಲೆಕ್ಕ ಎಂದು ಮಾತನಾಡಿದರೆ ಚರ್ಚೆ ಕೂಡಲೇ ಹೆಚ್ಚು ಖಚಿತವಾಗುತ್ತದೆ. ಏಕೆಂದರೆ ಎರಡೂ ವಿದ್ವತ್ತೇ, ಎರಡರಲ್ಲೂ ಒಳ್ಳೆಯದು ಕೆಟ್ಟದ್ದು ಎರಡೂ ಇದೆ.

ಆದರೆ ಅಳತೆಗೋಲನ್ನು ಹಾಗೆಯೇ ಎತ್ತಿ ಅಲ್ಲಿ ಇಡಲು ಬರುವುದಿಲ್ಲ. ಕಚೇರಿಯ ಮೃದಂಗ ವಾದಕರು ಗಾಯಕರು ಯಾವ ಕೀರ್ತನೆ ಎತ್ತುತ್ತಾರೆ ಎಂಬುದನ್ನು ಹಲವು ವೇಳೆ ವೇದಿಕೆಯ ಮೇಲೆಯೇ ತಿಳಿಯುತ್ತಾರೆ. ಎಡುಪು, ಅಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗ, ಎಲ್ಲಿದೆ ಎಂಬುದನ್ನು ಆ ಕ್ಷಣದಲ್ಲಿ ಗ್ರಹಿಸಿ ಜೊತೆಗೂಡುತ್ತಾರೆ. ನಾವು ತೊಡೆಯ ಮೇಲೆ ತಾಳ ಹಾಕುತ್ತ ಅವರ ಕೈಯನ್ನೇ ನೋಡುತ್ತಿರುತ್ತೇವೆ. ಅಲ್ಲಿ ರಚನೆಯೂ ವಾದನವೂ ಒಂದೇ ಕೈಯಿಂದ, ಒಂದೇ ಹೊತ್ತಿನಲ್ಲಿ ಬರುತ್ತವೆ. ನಾದವನ್ನು ತಿದ್ದುವವರು ನಡುವೆ ಬರಬಾರದೆಂದೇ ಮೃದಂಗ ವಿದ್ವಾಂಸ ಪಾಲ್ಘಾಟ್ ಮಣಿ ಅಯ್ಯರ್ ಅವರು ಮೈಕನ್ನು ವಿರೋಧಿಸಿದ್ದು ಹಿರಿಯ ರಸಿಕರಿಗೆ ನೆನಪಿರಬಹುದು. ಆಲ್ಬಮ್ ಹಾಗಲ್ಲ. ಕಿವಿಯಲ್ಲಿ ಟಿಕ್ ಟಿಕ್ ಎಂದು ಕಾಲ ತೋರಿಸುವ ಕ್ಲಿಕ್ ಟ್ರ್ಯಾಕಿನ ಮೇಲೆ ತುಂಡು ತುಂಡಾಗಿ ನುಡಿಸಿದ್ದು, ಆಯ್ದದ್ದು, ಅಗತ್ಯ ಕಂಡರೆ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಗೆರೆಗೆ ಕೂರಿಸಿದ್ದು ಅಲ್ಲಿ ನಮ್ಮ ಕಿವಿಗೆ ಬೀಳುತ್ತದೆ. ಇದರ ಕೊನೆಯ ತುದಿಯನ್ನು ಸ್ವೀಡನ್ನಿನ ಮೆಶುಗ್ಗಾ ತಂಡದಲ್ಲಿ ಕಾಣಬಹುದು: 2005ರ ‘ಕ್ಯಾಚ್ ಥರ್ಟಿಥ್ರೀ’ ಆಲ್ಬಮ್ಮಿನಲ್ಲಿ ಡ್ರಮ್ಸ್ ಪೂರ್ತಿಯಾಗಿ ಪ್ರೋಗ್ರಾಮ್ ಮಾಡಿದ್ದು, ತಂಡದ ಡ್ರಮ್ಮರ್ ಟೊಮಾಸ್ ಹಾಕೆ ಬಾರಿಸಿದ ಪೆಟ್ಟುಗಳ ಸ್ಯಾಂಪಲ್‌ಗಳೇ ಅಲ್ಲಿ ಯಂತ್ರದ ಮೂಲಕ ನುಡಿಯುತ್ತವೆ. ಆ ಆಲ್ಬಮ್ಮನ್ನು ತಲೆಯ ಮೇಲಿಟ್ಟುಕೊಳ್ಳುವ ಅಭಿಮಾನಿಗಳೇ ಬೇರೊಬ್ಬರ ವಾದನವನ್ನು ಯಾಂತ್ರಿಕವೆಂದು ತಳ್ಳಿಹಾಕುವಾಗ, ಅವರ ತಕರಾರು ಯಂತ್ರದ ಮೇಲಲ್ಲ, ಪರಿಚಯವಿಲ್ಲದಿರುವುದರ ಮೇಲೆ ಎಂದು ತಿಳಿಯಬೇಕಾಗುತ್ತದೆ.

ಹಾಗಾದರೆ ಇಷ್ಟೆಲ್ಲ ಪದರಗಳ ಕೆಳಗೆ ಡ್ರಮ್ಮರ್ ಎಂಬ ವ್ಯಕ್ತಿ ಕೇಳಿಸುವುದು ಎಲ್ಲಿ? ನನ್ನ ಅನುಭವದಲ್ಲಿ ಮೊದಲನೆಯ ಜಾಗ ಗಿಟಾರ್‌ಗಳು ಸುಮ್ಮನಾಗುವ ಜಾಗ. ಸ್ನೇರ್ ಮೇಲೆ ಎರಡು ದೊಡ್ಡ ಪೆಟ್ಟುಗಳ ನಡುವೆ ಒಳ್ಳೆಯ ಡ್ರಮ್ಮರ್ ಕೇಳಿಯೂ ಕೇಳಿಸದಷ್ಟು ಮೆದುವಾದ ಹಲವು ಪೆಟ್ಟುಗಳನ್ನು ಹಾಕುತ್ತಾರೆ; ಡ್ರಮ್ಸ್ ಬಲ್ಲವರು ಇವನ್ನು ಘೋಸ್ಟ್ ನೋಟ್ ಎನ್ನುತ್ತಾರೆ. ನಡೆಗೆ ಓಲಾಟ, ಅಂದರೆ ಗ್ರೂವ್, ಕೊಡುವುದೇ ಅವು. ಏಳು ತಂತಿಯ ಗಿಟಾರ್‌ಗಳು ಗೋಡೆಯಂತೆ ನಿಂತಾಗ ಅವು ಪೂರ್ತಿ ಮುಚ್ಚಿಹೋಗುತ್ತವೆ, ಆದ್ದರಿಂದ ಹಾಡಿನ ಅಬ್ಬರದ ಭಾಗದಲ್ಲಿ ‘ಗ್ರೂವ್ ಇಲ್ಲ’ ಎಂದು ತೀರ್ಪು ಕೊಡುವುದು ಕತ್ತಲಲ್ಲಿ ಬಣ್ಣ ನೋಡಿದ ಹಾಗೆ. ಕೀಬೋರ್ಡ್ ಮತ್ತು ಗಾಯನ ಮಾತ್ರ ಉಳಿಯುವ ಚರಣಗಳಲ್ಲಿ ಕಿವಿಗೊಟ್ಟು ಕೇಳಬೇಕು. ಎರಡನೆಯದು, ಒಂದು ಭಾಗದಿಂದ ಇನ್ನೊಂದಕ್ಕೆ ದಾಟುವ ತಿರುವು. ಅಲ್ಲಿ ನುಡಿಸುವ ಫಿಲ್ ಎಂಬ ಸಣ್ಣ ಲಯತುಣುಕು ಮುಂದಿನ ಭಾಗದ ಕಾಲಪ್ರಮಾಣವನ್ನು ಮೊದಲೇ ಸೂಚಿಸುತ್ತದೆಯೇ, ಅಥವಾ ಖಾಲಿ ಜಾಗವನ್ನು ತುಂಬುತ್ತದೆಯೇ ಎಂಬುದರಲ್ಲಿ ಡ್ರಮ್ಮರ್ ಮನಸ್ಸು ತಿಳಿಯುತ್ತದೆ. ಪೋರ್ಟ್‌ನಾಯ್ ಅವರ ಫಿಲ್‌ಗಳನ್ನು ಜನ ಬಾಯಲ್ಲಿ ಹೇಳಬಲ್ಲರು. ಮಂಜಿನಿಯವರ ಫಿಲ್‌ಗಳಲ್ಲಿ ಹೆಚ್ಚಿನವು ಹಾಗೆ ಬಾಯಿಗೆ ಬರುವುದಿಲ್ಲ. ಈ ಒಂದು ವಿಷಯದಲ್ಲಿ ಹಳೆಯ ಅಭಿಮಾನಿಗಳ ಪಕ್ಷದಲ್ಲಿ ನಾನಿದ್ದೇನೆ.

ಮೂರನೆಯದು ಲೆಕ್ಕವನ್ನು ಹೊತ್ತುಕೊಳ್ಳುವ ರೀತಿ. 2021ರ ‘ಎ ವ್ಯೂ ಫ್ರಮ್ ದ ಟಾಪ್ ಆಫ್ ದ ವರ್ಲ್ಡ್’ ಆಲ್ಬಮ್ಮಿನ ಮೊದಲ ಹಾಡು ‘ದಿ ಏಲಿಯನ್’ ಮುಖ್ಯವಾಗಿ ಹದಿನೇಳರ ಲೆಕ್ಕದಲ್ಲಿ ನಡೆಯುತ್ತದೆ. ಹದಿನೇಳು ಎಂದೊಡನೆ ಪಾಶ್ಚಾತ್ಯ ಕೇಳುಗ ಹುಬ್ಬೇರಿಸುತ್ತಾನೆ. ನಮ್ಮಲ್ಲಿ ಅಲಂಕಾರಗಳನ್ನು ಅಭ್ಯಾಸ ಮಾಡಿದವರಿಗೆ ಖಂಡ ಜಾತಿಯ ಧ್ರುವ ತಾಳ ಗೊತ್ತಿರುತ್ತದೆ: ಐದು, ಎರಡು, ಐದು, ಐದು, ಒಟ್ಟು ಹದಿನೇಳು ಅಕ್ಷರ. ಆ ಹಾಡಿನ ಒಳವಿಂಗಡಣೆ ಧ್ರುವ ತಾಳದ್ದೇ ಎಂದು ನಾನು ಹೇಳುತ್ತಿಲ್ಲ. ಸಂಖ್ಯೆಯನ್ನು ಕೇಳಿ ಬೆದರದ ಕಿವಿ ಅದರ ಮೇಲೆ ಡ್ರಮ್ಮರ್ ಏನು ಮಾಡುತ್ತಿದ್ದಾರೆ ಎಂಬುದನ್ನು ನೆಮ್ಮದಿಯಾಗಿ ಕೇಳಬಲ್ಲದು ಎನ್ನುತ್ತಿದ್ದೇನೆ. ಅಲ್ಲಿ ಮಂಜಿನಿ ಲೆಕ್ಕವನ್ನು ತೋರಿಸುವುದಕ್ಕಿಂತ ಅಡಗಿಸುವುದರಲ್ಲಿ ಹೆಚ್ಚು ಆಸಕ್ತರು. ತಲೆಯಾಡಿಸುತ್ತ ಕೇಳುವವನಿಗೆ ಲೆಕ್ಕ ತಪ್ಪಿದ್ದು ತಿಳಿಯುವುದೇ ಒಂದು ಸುತ್ತು ಕಳೆದ ಮೇಲೆ. ಈ ಹಾಡಿಗೆ 2022ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು, ತಂಡಕ್ಕೆ ಅದೇ ಮೊದಲನೆಯದು. ಪ್ರಶಸ್ತಿಯೇನೂ ಡ್ರಮ್ಸ್ ಬಗೆಗಿನ ತೀರ್ಪಲ್ಲ ಎಂಬುದನ್ನೂ ಹೇಳಿಬಿಡಬೇಕು. ಮಂಜಿನಿಯವರ ಅಭಿಮಾನಿಗಳು ಅದನ್ನು ಗುರಾಣಿಯಂತೆ ಹಿಡಿಯುವುದು ಎದುರಾಳಿಗಳ ಅಂಕಪಟ್ಟಿಯಷ್ಟೇ ದುರ್ಬಲ.

ಮಂಜಿನಿಯವರ ಐದು ಆಲ್ಬಮ್‌ಗಳಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು 2019ರ ‘ಡಿಸ್ಟೆನ್ಸ್ ಓವರ್ ಟೈಮ್’. ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನಲ್ಲಿ ಕೊಟ್ಟಿಗೆಯನ್ನು ಸ್ಟುಡಿಯೋ ಆಗಿ ಮಾರ್ಪಡಿಸಿದ ಜಾಗದಲ್ಲಿ ಐವರೂ ಒಟ್ಟಿಗೆ ವಾಸವಿದ್ದು ಅದನ್ನು ರಚಿಸಿದರು. ಒಂದು ಹಾಡಿಗೆ ಸಾಹಿತ್ಯವನ್ನೂ ಮಂಜಿನಿ ಬರೆದರು. ಅದಕ್ಕೂ ಹಿಂದಿನ 2016ರ ದೀರ್ಘ ಕಥಾ ಆಲ್ಬಮ್ಮಿನ ಸಂಗೀತವನ್ನು ಪೆಟ್ರುಚಿ ಮತ್ತು ಕೀಬೋರ್ಡ್ ವಾದಕ ಜೋರ್ಡನ್ ರುಡೆಸ್ ಇಬ್ಬರೇ ರಚಿಸಿದ್ದರು. ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ರಚನೆಯ ಕೋಣೆಯಲ್ಲಿ ಡ್ರಮ್ಮರ್ ಇರುವುದಕ್ಕೂ ಇಲ್ಲದಿರುವುದಕ್ಕೂ ಏನು ವ್ಯತ್ಯಾಸ ಎಂಬುದು ವಾದವಿಲ್ಲದೆ ತಿಳಿಯುತ್ತದೆ.

ಇದು ಒಂದೇ ತಂಡದ ಕಥೆಯಲ್ಲ. ಕೆನಡಾದ ರಷ್ ತಂಡಕ್ಕೆ 1974ರ ಜುಲೈನಲ್ಲಿ ಜಾನ್ ರಟ್ಸಿಯವರ ಜಾಗಕ್ಕೆ ನೀಲ್ ಪಿಯರ್ಟ್ ಬಂದರು. ಮರುವರ್ಷದ ಆಲ್ಬಮ್ಮಿನಿಂದಲೇ ತಂಡದ ಮುಖ್ಯ ಗೀತರಚನಕಾರರೂ ಅವರೇ ಆದರು. ರಷ್ ಇಂದು ನಮಗೆ ಗೊತ್ತಿರುವ ರಷ್ ಆದದ್ದು ಹೊಸಬರಿಗೆ ಬಾರಿಸಲು ಮಾತ್ರವಲ್ಲ, ಬರೆಯಲು ಕೂಡ ಜಾಗ ಕೊಟ್ಟಿದ್ದರಿಂದ. ಸ್ವೀಡನ್ನಿನ ಓಪೆತ್ ತಂಡದಲ್ಲಿ 2006ರಲ್ಲಿ ಮಾರ್ಟಿನ್ ಲೋಪೆಜ್ ಹೋಗಿ ಮಾರ್ಟಿನ್ ಆಕ್ಸೆನ್‌ರೋಟ್ ಬಂದಾಗ ಹಳೆಯ ಓಲಾಟ ಹೋಯಿತೆಂದು ಅಭಿಮಾನಿಗಳು ಕೊರಗಿದರು. ಈ ಕೊರಗಿಗೆ ಹುರುಳಿತ್ತು ಎನ್ನಬೇಕು, ಏಕೆಂದರೆ ಲೋಪೆಜ್ ಅವರ ತಟ್ಟುವಿಕೆಯಲ್ಲಿ ಲ್ಯಾಟಿನ್ ಅಮೆರಿಕದ ನಡೆಗಳ ಛಾಯೆ ನಿಚ್ಚಳವಾಗಿ ಕೇಳಿಸುತ್ತಿತ್ತು. ಅದು ಮಿಕ್ಸಿಂಗ್‌ನಿಂದ ಬರುವಂಥದ್ದಲ್ಲ. ಅಭಿಮಾನಿಯ ಕಿವಿಯನ್ನು ನಾನು ಸಾರಾಸಗಟಾಗಿ ತಳ್ಳಿಹಾಕುತ್ತಿಲ್ಲ ಎಂಬುದಕ್ಕೆ ಇದೂ ಒಂದು ನಿದರ್ಶನವಾಗಲಿ.

ಇನ್ನು, ಹೋಲಿಕೆಯನ್ನು ನಿಜವಾಗಿ ಮಾಡಬೇಕೆನ್ನುವವರಿಗೆ ಅಪರೂಪದ ಅವಕಾಶವೊಂದು ಒದಗಿದೆ. 2023ರ ಅಕ್ಟೋಬರಿನಲ್ಲಿ ಮಂಜಿನಿ ತಂಡದಿಂದ ಹೊರಬಂದು ಪೋರ್ಟ್‌ನಾಯ್ ಮರಳಿದರು. 1999ರ ಆಲ್ಬಮ್ಮಿನಲ್ಲಿ ಪೋರ್ಟ್‌ನಾಯ್ ನುಡಿಸಿದ್ದನ್ನು ಮಂಜಿನಿ ಆದಿಯಿಂದ ಅಂತ್ಯದವರೆಗೆ ನುಡಿಸಿದ, 2020ರ ಫೆಬ್ರುವರಿಯ ಲಂಡನ್ ಕಛೇರಿಯ ಮುದ್ರಿಕೆ ಇದೆ. ಮರಳಿದ ಮೇಲಿನ ಪ್ರವಾಸದಲ್ಲಿ ಪೋರ್ಟ್‌ನಾಯ್ ಅವರು ಮಂಜಿನಿ ಕಾಲದ ‘ದಿಸ್ ಈಸ್ ದ ಲೈಫ್’ ಮತ್ತು ‘ಬಾರ್‌ಸ್ಟೂಲ್ ವಾರಿಯರ್’ ಹಾಡುಗಳನ್ನು ನುಡಿಸಿದರು. ಒಬ್ಬರ ಭಾಗ ಇನ್ನೊಬ್ಬರ ಕೈಯಲ್ಲಿ, ಎರಡೂ ದಿಕ್ಕಿನಲ್ಲಿ. ಕಛೇರಿಯ ಮುದ್ರಿಕೆಯಲ್ಲೂ ತಿದ್ದುಪಡಿ ಇರುತ್ತದೆ, ನಿಜ. ಆದರೂ ಆಲ್ಬಮ್ಮಿಗಿಂತ ಕೈಗೆ ಹತ್ತಿರ. ಹಳೆಯ ಹಾಡುಗಳಲ್ಲಿ ಮಂಜಿನಿ ಜನರ ಬಾಯಲ್ಲಿರುವ ಫಿಲ್‌ಗಳನ್ನು ಹೆಚ್ಚುಕಡಿಮೆ ಹಾಗೆಯೇ ಉಳಿಸಿ, ಅವುಗಳ ನಡುವಿನ ನಡೆಯನ್ನು ಮಾತ್ರ ಸಮತಟ್ಟಾಗಿಸುತ್ತಾರೆ. ಪೋರ್ಟ್‌ನಾಯ್ ಹಾಡಿನ ಸಾಲಿನ ಜೊತೆ ಉಸಿರಾಡುವಂತೆ ಹೈ-ಹ್ಯಾಟ್ ಎಂಬ ಜೋಡಿ ಸಿಂಬಲ್ಲನ್ನು ತೆರೆದು ಮುಚ್ಚುತ್ತಾರೆ. ಕೆಲವೆಡೆ ಅವಸರವೂ ಇಣುಕುತ್ತದೆ. ಅವಸರವನ್ನು ಅಭಿಮಾನಿಗಳು ‘ಜೀವ’ದ ಖಾತೆಗೆ ಜಮಾ ಮಾಡುತ್ತಾರೆ; ಮಂಜಿನಿ ಅದನ್ನೇ ಮಾಡಿದ್ದರೆ ತಪ್ಪು ಎಂದು ಬರೆಯುತ್ತಿದ್ದರು ಎಂಬ ಅನುಮಾನ ನನಗಿದೆ.

ಕೊನೆಗೆ ಬಂದ ಪ್ರಶ್ನೆ, 2025ರ ಫೆಬ್ರುವರಿಯಲ್ಲಿ ಬಿಡುಗಡೆಯಾದ ‘ಪ್ಯಾರಾಸೋಮ್ನಿಯಾ’ ಆಲ್ಬಮ್ ಬಗ್ಗೆ: ಹಳೆಯ ಡ್ರೀಮ್ ಥಿಯೇಟರ್ ಮರಳಿತು ಎನ್ನುತ್ತಾರಲ್ಲ, ಒಪ್ಪುತ್ತೀರಾ? ಡ್ರಮ್ಮರ್ ಮರಳಿದ್ದಾರೆ. ನಿರ್ಮಾಪಕರ ಕುರ್ಚಿಯಲ್ಲಿ ಪೆಟ್ರುಚಿ ಒಬ್ಬರೇ ಇದ್ದಾರೆ, 2011ರಲ್ಲಿ ಇದ್ದಂತೆಯೇ. 2021ರ ಆಲ್ಬಮ್ ಮತ್ತು ಇದು ಎರಡೂ ತಂಡದ ಸ್ವಂತ ಸ್ಟುಡಿಯೋದಲ್ಲೇ ತಯಾರಾದವು. ಎರಡನ್ನೂ ಮಿಕ್ಸ್ ಮಾಡಿದವರು ಆಂಡಿ ಸ್ನೀಪ್. ಹಾಗಾಗಿ ನಿರ್ಮಾಪಕ, ಜಾಗ, ಮಿಕ್ಸಿಂಗ್ ಮೂರೂ ಒಂದೇ ಇದ್ದು, ಕೂತ ಡ್ರಮ್ಮರ್ ಮಾತ್ರ ಬೇರೆಯಾಗಿರುವ ಎರಡು ಆಲ್ಬಮ್‌ಗಳು ಮೊದಲ ಬಾರಿಗೆ ನಮ್ಮ ಮುಂದಿವೆ. ಅವೆರಡನ್ನೂ ಒಂದೇ ಸಂಜೆ, ಒಂದೇ ಹೆಡ್‌ಫೋನಿನಲ್ಲಿ ಕೇಳಿದಾಗ ನನಗೆ ಕಂಡ ಅಂತರ ಹದಿಮೂರು ವರ್ಷದ ಜಗಳಕ್ಕಿಂತ ಬಹಳ ಸಣ್ಣದು. ಅದು ಮುಖ್ಯವಾಗಿ ಇರುವುದು ಸಿಂಬಲ್‌ಗಳಲ್ಲಿ: ಪೋರ್ಟ್‌ನಾಯ್ ರಿಫ್‌ನ (ಗಿಟಾರಿನಲ್ಲಿ ಮರುಕಳಿಸುವ ಸಾಲಿನ) ಒತ್ತುಗಳನ್ನು ಸಿಂಬಲ್‌ನಿಂದ ಗೆರೆ ಎಳೆದು ತೋರಿಸುತ್ತಾರೆ, ಮಂಜಿನಿ ಅದೇ ಒತ್ತುಗಳ ಮೇಲಿಂದ ತಮ್ಮದೇ ನಡೆಯೊಂದನ್ನು ಹಾಯಿಸುತ್ತಾರೆ. ಮೊದಲನೆಯದು ಕೂಡಲೇ ಹಿಡಿಸುತ್ತದೆ, ಎರಡನೆಯದಕ್ಕೆ ಮೂರು ನಾಲ್ಕು ಸಲ ಕೇಳಬೇಕಾಗುತ್ತದೆ. ಪ್ರಶ್ನೆ ಕೇಳಿದವರಿಗೆ ನಾನು ಸೂಚಿಸಿದ್ದು ಇಷ್ಟೇ: ಎರಡೂ ಆಲ್ಬಮ್‌ಗಳ ಅತಿ ದೀರ್ಘ ಹಾಡುಗಳನ್ನು ಆರಿಸಿಕೊಂಡು, ಗಿಟಾರ್ ನಿಂತ ಜಾಗಗಳನ್ನು ಗುರುತು ಹಾಕಿಕೊಂಡು, ಅಲ್ಲಿಂದ ಕೇಳಲು ಶುರುಮಾಡಿ.